ಸರಾಫ ಗಲ್ಲಿಯ ಕಸ

ಶಹಾಪುರದ ಸರಾಫ ಗಲ್ಲಿಯಲ್ಲಿ ಅಂಗಡಿ ತೆರೆಯುವ ಹೊತ್ತಿಗೆ
ಆಯಿ ಗಟಾರದ ಬಾಯಿಗೆ ಕೂತಿರುತ್ತಿದ್ದಳು,
ಒಂದು ಮೋಟು ಬ್ರಶ್ಶು, ಒಂದು ಮರಿಗೆ.
ತುಳಜವ್ವ ಝರೇಗಾರ. ಪತ್ತಾರರ ಕಸ ತೊಳೆದು
ಮೂರು ಮಕ್ಕಳನ್ನು ಸಾಕಿದವಳು.

ಅಣ್ವೇಕರರ ಅಂಗಡಿಯೊಳಗೆ ಎಂದೂ ಕಾಲಿಟ್ಟವಳಲ್ಲ.
ಕೆಲಸದ ಹುಡುಗ ಕೂತವರ ಚಾಪೆಗಳನ್ನು ಅಲುಗದಂತೆ ತಂದು
ಹೊಸ್ತಿಲಲ್ಲಿ ಹಾಸುತ್ತಿದ್ದ. ಇವಳು ಬಗ್ಗಿ ನೋಡುತ್ತಿದ್ದಳು:
"ಅರದ ಪುಡಿ ಎಲ್ಲಾ ಎಡಕ್ಕ ಬಿದ್ದೈತಿ. ಇದರ ಮ್ಯಾಲ ಕುಂತಾಂವ ಎಡಚ.
ಈ ಚಾಪಿ ಸುಟ್ಟೈತಿ, ಇಂವ ಕುಲುಮಿ ಕಡೆಯಾಂವ.
ಇದರಾಗ ಏನೂ ಇಲ್ಲ. ಇದು ಮಾಲಕಂದು."

ನನ್ನದೂ ಅದೇ ಧಂಧೆ ಅಂದರೆ ಡಾಕ್ಟರ್ ಸನದಿ ನಗುತ್ತಾರೆ.
ನೆಹರೂ ನಗರದ ನೆಲಮಾಳಿಗೆ. ಹೆದ್ದಾರಿಯ ಲಾರಿಗೆ ಚಿತ್ರ ನಡುಗುತ್ತದೆ,
ಸದ್ದು ತೆಳುವಾಗುವ ಹೊತ್ತು ಕಾದು ಕೂಡುತ್ತೇನೆ.

ರಾಳದಲ್ಲಿ ಹೂತ ಸ್ನಾಯುವಿನ ಚೂರು, ನಮೂನೆ ನೂರಾ ಹದಿನೇಳು.
ವಜ್ರದ ಅಲಗು. ಅಲಗಿನ ಹಿಂದೆ ಉಗುರಿನಷ್ಟು ನೀರು.
ಸೀಳು ನೀರಿಗೆ ಜಾರಿ ತೇಲುತ್ತದೆ:
ಬೆಳ್ಳಿ ಬಣ್ಣ ಹೊಳೆದರೆ ಸರಿ,
ಬಂಗಾರದ ಬಣ್ಣ ಬಂದರೆ ದಪ್ಪಾಯಿತು, ಚೆಲ್ಲು.
ಇದನ್ನು ಹೇಳಿದ ದಿನ ಆಯಿ ನನ್ನ ಜೊತೆ ಮಾತು ಬಿಟ್ಟಳು.

ತೇಲುವುದನ್ನು ದೂಡಲು ಕಡ್ಡಿಗೆ ಅಂಟಿಸಿದ ಕಣ್ರೆಪ್ಪೆಯ ಕೂದಲು.
ನನ್ನದೇ ಕೂದಲು, ಬಲಗಣ್ಣಿನದು.

ಪ್ರೋಟೀನು ನೇರ ಕಾಣುವುದಿಲ್ಲ.
ಅದನ್ನೊಂದನ್ನೇ ಗುರುತು ಹಿಡಿಯುವ ಪ್ರತಿಕಾಯ ಬಿಡಬೇಕು,
ಬಾಲಕ್ಕೆ ಒಂದು ಕಾಳು ಬಂಗಾರ ಕಟ್ಟಿ.
ಆಮೇಲೆ ಕತ್ತಲೆ, ನಿರ್ವಾತ, ಎಲೆಕ್ಟ್ರಾನುಗಳ ಸುರಿತ,
ಪರದೆಯ ಮೇಲೆ ಮೈಟೊಕಾಂಡ್ರಿಯ:
ಹೊರಪೊರೆ ನೆಟ್ಟಗೆ, ಒಳಪೊರೆ ಮಡಿಕೆಯ ಮೇಲೆ ಮಡಿಕೆ,
ಕಸಾಯಿ ಅಂಗಡಿಯಲ್ಲಿ ತೊಳೆದು ತೂಗುಹಾಕಿದ ಬೋಟಿಯ ಪದರದ ಹಾಗೆ.

ಬಂಗಾರ ಇಲ್ಲಿ ಕಪ್ಪು.
ಗಟಾರದಲ್ಲೂ ಹಾಗೇ ಇರುತ್ತಿತ್ತು, ಆಯಿ ತೊಳೆಯುವ ತನಕ.

ಒಳಪೊರೆಗೆಲ್ಲ ಹರಡಿರಬೇಕೆಂದು ಡಾಕ್ಟರರ ಊಹೆ.
ನಾನು ಎಣಿಸುತ್ತೇನೆ. ಮಡಿಕೆ ಒಳಕ್ಕೆ ಹೊರಳುವ ಕೊರಳಿನಲ್ಲಿ
ಇಪ್ಪತ್ತೊಂಬತ್ತು, ಗುಂಪಾಗಿ.
ಮಡಿಕೆಯ ಮೈಮೇಲೆ ನಾಲ್ಕು.
ಪೊರೆಯೇ ಇಲ್ಲದ ಬಯಲಲ್ಲಿ ಎರಡು, ದಾರಿ ತಪ್ಪಿದವು.

ಕುಣಿಯಬೇಡ ಅನ್ನುತ್ತಾರೆ ಸನದಿ.
ಕಾಳು ಇರುವುದು ಬಾಲದ ತುದಿಗೆ,
ಕೂತವನು ಇಪ್ಪತ್ತು ನ್ಯಾನೊಮೀಟರ್ ಆಚೆಗೋ ಈಚೆಗೋ.
ಎರಡು ಪೊರೆಗಳ ನಡುವಿನ ಸಂದಿಯೂ ಹೆಚ್ಚೂಕಡಿಮೆ ಅಷ್ಟೇ.
ಒಳಗಿನವನೋ, ಹೊರಗಿನ ಗೋಡೆಗೆ ಆತವನೋ,
ಒಂದು ಚಿತ್ರ ಹೇಳುವುದಿಲ್ಲ.

ಆಯಿಗೆ ಒಮ್ಮೆ ಉತ್ತರ ಸಿಕ್ಕಿತ್ತು.
ಖಡೇಬಜಾರಿನ ಚಹಾದಂಗಡಿ, ನಾನು ಆರನೇ ಇಯತ್ತೆ.
ಮುದುಕನೊಬ್ಬ ಎಡಗೈಯಲ್ಲಿ ಬಸಿ ಹಿಡಿದು ಸುರ್ರೆಂದು ಎಳೆಯುತ್ತಿದ್ದ.
ಆಯಿ ನಿಂತೇಬಿಟ್ಟಳು.
"ಅಣ್ವೇಕರರ ಅಂಗಡ್ಯಾಗ ಇದ್ರೇನ್ರಿ?"
ಹೌದಂದ. ಮೂವತ್ತೆರಡು ವರ್ಷ ಅಂದ. ನೀವ್ಯಾರು ಅಂದ.
ಅವಳು ಹೇಳಲಿಲ್ಲ. ನನ್ನ ಕೈ ಹಿಡಿದು ಸರಸರ ನಡೆದಳು,
ಗಲ್ಲಿ ದಾಟಿದ ಮೇಲೆ ಒಬ್ಬಳೇ ನಕ್ಕಳು.

ಅಂಥ ಚಹಾದಂಗಡಿ ನನಗಿಲ್ಲ.
ಇನ್ನೂ ನಲವತ್ತು ಚಿತ್ರ ಬಾಕಿ ಇವೆ,
ಮತ್ತೆ ಮೊದಲಿಂದ ಎಣಿಸಬೇಕು,
ದಾರಿ ತಪ್ಪಿದ ಆ ಎರಡನ್ನೂ ಸೇರಿಸಿ.