ಮಾತಾಡುವಷ್ಟು ಉಸಿರು

ಓಡುವುದೆಂದರೆ ಓಡುವುದಲ್ಲ ಮಾರಾಯ್ತಿ,
ಎನ್ನುತ್ತಾರೆ ಹಿಲ್ಡಾ ಟೀಚರ್.
ಪಕ್ಕದವರ ಜೊತೆ ಬಂಗುಡೆಯ ರೇಟು ಮಾತಾಡುವಷ್ಟು
ಉಸಿರು ಕೈಯಲ್ಲಿರಬೇಕು.
ಇಲ್ಲವೋ, ನಿಧಾನ ಮಾಡು. ಇನ್ನೂ ನಿಧಾನ.
ಆಮೆಗೆ ನಾಚಿಕೆಯಾಗುವಷ್ಟು.

ನಲವತ್ತಾರಕ್ಕೆ
ಐಸ್ ಪ್ಲಾಂಟಿನ ಲೆಕ್ಕದ ಕುರ್ಚಿಯಿಂದ ಎದ್ದವಳು ನಾನು.
ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ.
ಮಲ್ಪೆಯ ದಕ್ಕೆಯಲ್ಲಿ ದೀಪ ಇನ್ನೂ ಆರಿಲ್ಲ,
ಲಾರಿಗಳಿಂದ ಮೀನಿನ ನೀರು ತೊಟ್ಟಿಕ್ಕುತ್ತದೆ.
ಬಲೆ ಹೊಲಿಯುವ ಒಡಿಶಾದ ಹುಡುಗರು
ಮೊದಲ ವಾರ ನಕ್ಕರು. ಎರಡನೇ ವಾರ ನಗಲಿಲ್ಲ.
ಮೂರನೇ ವಾರ ಒಬ್ಬ ನೀರಿನ ಬಾಟಲಿ ಚಾಚಿದ.

ಪಡುಕರೆ ಸೇತುವೆ ಬಂದಾಗ ಮಾತ್ರ
ನನ್ನ ಮಾತು ನಿಲ್ಲುತ್ತದೆ.
ಏರು ಅಂತಲ್ಲ.

ತಮ್ಮ ತಿಲಕನ ಫೋನು ನನ್ನ ಬಳಿಯೇ ಇದೆ.
ಅದರಲ್ಲೊಂದು ಸೈಕಲ್ ಆ್ಯಪ್.
ಈ ಸೇತುವೆಗೆ ಅವನೇ ರಾಜ.
ಈ ತುದಿಯಿಂದ ಆ ತುದಿಗೆ ಮೂವತ್ತೊಂದು ಸೆಕೆಂಡು,
ಹೆಸರಿನ ಪಕ್ಕ ಬೇಳೆ ಗಾತ್ರದ ಕಿರೀಟ.
ಕೇಳಿದ್ದಕ್ಕೆಲ್ಲ ಓದದೆಯೇ ಒಪ್ಪಿಗೆ ಒತ್ತಿದವ.
ನೀನಿರುವ ಜಾಗ ತಿಳಿಯಲೇ? ಒಪ್ಪಿದೆ.
ಎದೆಬಡಿತ ಎಣಿಸಲೇ? ಒಪ್ಪಿದೆ.
ಓದಿ ಒತ್ತು ಮಾರಾಯ, ಅಂದರೆ
ಅದನ್ನೆಲ್ಲ ಓದಿದವರು ಯಾರಕ್ಕ,
ಎನ್ನುತ್ತ ಪೆಡಲ್ ತುಳಿದೇಬಿಟ್ಟ.

ನಾನು ಓದಿದೆ. ಮಣಿಪಾಲದಲ್ಲಿ, ಸಾಲು ಬಿಡದೆ.
ಎರಡು ಪರೀಕ್ಷೆ, ನಡುವೆ ಆರು ಗಂಟೆ.
ಯಂತ್ರ ಬಿಡಿಸಿ, ಉಸಿರು ತಾನಾಗಿ ಬಂದೀತೇ ಎಂದು
ಎಂಟು ನಿಮಿಷ ಕಾದರಂತೆ ಒಳಗೆ.
ಹೊರಗೆ ಬೆಂಚಿನಲ್ಲಿ ನಾನೂ ಉಸಿರು ಹಿಡಿದೆ.
ಒಂದು ನಿಮಿಷಕ್ಕೂ ಆಗಲಿಲ್ಲ.

ಅವಸರವಿಲ್ಲ ಅಕ್ಕ, ಎಂದಳು ಫಾರ್ಮು ಹಿಡಿದ ಹುಡುಗಿ,
ಬೇಡ ಅಂದರೂ ಅದು ಉತ್ತರವೇ.
ಮೂತ್ರಪಿಂಡ, ಕೊಡಿ. ಯಕೃತ್ತು, ಕೊಡಿ. ಹೃದಯ,
ಪೆನ್ನು ತುಸು ನಿಂತಿತು, ಆಮೇಲೆ ಬರೆಯಿತು.
ಕಣ್ಣು ಬೇಡ ಅಂದೆ.
ಯಾಕೆಂದು ಅವಳು ಕೇಳಲಿಲ್ಲ.
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಸಂಜೆ ಒಂದು ಪೆಟ್ಟಿಗೆ ಹೊರಟಿತು, ಒಳಗೆ ಮಂಜುಗಡ್ಡೆ.
ಇಪ್ಪತ್ತು ವರ್ಷ ಐಸಿನ ಲೆಕ್ಕ ಬರೆದವಳಿಗೆ
ಆಗ ಬಂದದ್ದು ಅಳುವಲ್ಲ,
ಎಷ್ಟು ಕಿಲೋ ಹಾಕಿದ್ದಾರೋ, ಸಾಕಾದೀತೋ ಎಂಬ ಯೋಚನೆ.
ಕಟಪಾಡಿ, ಕಾಪು, ಪಡುಬಿದ್ರಿ, ಮುಲ್ಕಿ,
ಪೊಲೀಸರು ಜಂಕ್ಷನ್‌ಗಳನ್ನೆಲ್ಲ ಖಾಲಿ ಮಾಡಿಕೊಟ್ಟರಂತೆ.
ತಮ್ಮ ಅಷ್ಟು ಬೇಗ ಮಂಗಳೂರು ಮುಟ್ಟಿದ್ದೇ ಇಲ್ಲ.
ಆ ಸವಾರಿ ಯಾವ ಆ್ಯಪಿನಲ್ಲೂ ಇಲ್ಲ.

ಹೋದ ಗುರುವಾರ ಅವನ ಫೋನು ಗುಂಯ್ ಅಂದಿತು.
ನಿಮ್ಮ ಕಿರೀಟ ಕೈತಪ್ಪಿದೆ.
ಉಚ್ಚಿಲದ ಶಮ್ಮಾಸ್, ಎರಡು ಸೆಕೆಂಡು ಕಡಿಮೆ.
ಮೊದಲು ಸಿಟ್ಟು ಬಂತು,
ಗಾಳಿ ಹಿಂದಿನಿಂದ ಇದ್ದಿರಬೇಕು ಇವನಿಗೆ, ಅಂದುಕೊಂಡೆ.
ಆಮೇಲೆ ತಿಲಕನ ಹೆಸರಲ್ಲೇ
ಹೆಬ್ಬೆರಳಿನ ಗುರುತು ಒತ್ತಿಬಿಟ್ಟೆ, ಭೇಷ್ ಅಂತ.
ಹತ್ತು ನಿಮಿಷ ಬಿಟ್ಟು ಬಂತು ಒಂದೇ ಪದ:
ಅಣ್ಣಾ?
ಉತ್ತರ ಬರೆಯಲು ಕೂತೆ. ಬರೆಯಲಿಲ್ಲ.

ಈಗ ನನ್ನದೊಂದು ಫಾರ್ಮು
ವೋಚರುಗಳ ಫೈಲಿನಲ್ಲಿದೆ.
ಕಣ್ಣಿನ ಚೌಕಕ್ಕೇ ಮೊದಲು ಗೆರೆ ಎಳೆದಿದ್ದೇನೆ,
ಕಾಗದ ಸ್ವಲ್ಪ ಹರಿಯುವಷ್ಟು ಗಟ್ಟಿಯಾಗಿ.
ಬರೆದಿಟ್ಟರೆ ಸಾಲದಂತೆ, ಹೇಳಿಯೂ ಇರಬೇಕು,
ಕೊನೆಗೆ ಕೇಳುವುದು ಉಳಿದವರನ್ನೇ.
ಮಗಳಿಗೆ ಹೇಳಿದೆ. ಬೆಳಿಗ್ಗೆ ಬೆಳಿಗ್ಗೆ ಎಂಥದಮ್ಮ ಅದು, ಅಂದಳು.
ಇನ್ನೊಮ್ಮೆ ಹೇಳಬೇಕು.

ಇವತ್ತು ಸೇತುವೆಯ ನಡುವೆ,
ಕೆಳಗೆ ಹೊಳೆ ಸಮುದ್ರದ ಕಡೆಗೋ ಇತ್ತ ಕಡೆಗೋ
ಗೊತ್ತಾಗದ ಹಾಗೆ ನಿಂತಿದ್ದಾಗ,
ಟೀಚರ್, ಅಂದೆ,
ಅವನ ಕಣ್ಣು ನಾನು ಕೊಡಲಿಲ್ಲ.

ಅವರು ನನ್ನತ್ತ ತಿರುಗಲಿಲ್ಲ.
ನಾಲ್ಕು ಹೆಜ್ಜೆ. ಐದು. ಆರು.
ಮಾತಾಡಲು ಉಸಿರಿದೆಯಲ್ಲ, ಎಂದರು,
ಹಾಗಾದರೆ ಆ ಕಂಬದವರೆಗೆ ಓಡು.