ಬಿಳಿಗಣ್ಣಿಂದು

ಮುಂಜಾನೆ ಆರಕ್ಕ ಗಣೇಶಖಿಂಡ ರಸ್ತೆ ದಾಟಿ
ಕಾಲೇಜಿನ ಹಿತ್ತಲ ಬಾಗಲಾ ತೆಗೀತೀನಿ.
ಒಲಿ ಮ್ಯಾಲ ರವಾ, ಬೆಲ್ಲ, ಅಗರ್, ಚೂರು ಯೀಸ್ಟು.
ನೊಣಕ್ಕ ಶಿರಾ ಮಾಡೂ ಕೆಲಸಾ ನಂದು.
ತುಪ್ಪ ಹಾಕೂದಿಲ್ಲ, ಅಷ್ಟ ಫರಕು.
ಇಂಡ್ಯಾಗ ಇದನ್ನ ಹೇಳಿದ್ರ ನಮ್ಮ ನೆಗೆಣ್ಣಿ
ನಕ್ಕು ನಕ್ಕು ನೀರ ನೆತ್ತಿಗೇರಿಸಿಕೊಂಡಳು.

ಗುರುತ ಕಲಿಸಿದಾಕಿ ಕೇತಕರ ಮ್ಯಾಡಮ್.
ಮಸೂರದ ಕೆಳಗ ಬಿಳಿ ಹಾಸು,
ಈಥರ ಕುಡದು ಮಲಗಿದವು,
ನನ್ನ ಕೈಯಾಗ ಚಿತ್ರ ಬರಿಯೂ ಕುಂಚ.
‘ಹಿಂದ ಕರ್ರಗ, ಗುಂಡಗ ಇದ್ರ ಗಂಡು.
ತುದಿ ಚೂಪಾಗಿ ಕೊನಿತನಕಾ ಪಟ್ಟಿ ಇದ್ರ ಹೆಣ್ಣು.
ಇನ್ನೂ ಅನುಮಾನ ಅಂದ್ರ ಮುಂಗಾಲ ನೋಡು, ಗುರುಬಾಯಿ,
ಗಂಡಿನ ಕಾಲಾಗ ಒಂದು ಹಣಿಗಿ ಇರ್ತದ.’

ಕಾಲಿಗೆ ಹಣಿಗಿ!
ತಲೀಗೆ ಹಚ್ಚಲಿಕ್ಕ ಪುರಸತ್ತಿಲ್ಲ ನನಗ.

ಹತ್ತ ದಿವಸ. ತತ್ತಿ, ಹುಳ,
ಗಾಜು ಏರಿ ಅಂಟಿಕೊಂಡ ಕಂದು ಕೋಶ,
ಆಮ್ಯಾಲ ಒಂದು ನಸುಕಿನ್ಯಾಗ ಬೆಳ್ಳನ್ನ ಕೂಸು,
ರೆಕ್ಕಿ ಇನ್ನೂ ಘಳಿಗಿ ಬಿಚ್ಚದ ಸೀರಿ,
ಹೊಟ್ಯಾಗ ಒಂದು ಹಸರ ಚುಕ್ಕಿ.
ಆ ಚುಕ್ಕಿ ಇರೂತನಕಾ ಯಾರೂ ಮುಟ್ಟಿಲ್ಲಂತ ಲೆಕ್ಕ.
ಅದಕ್ಕ ಆರು ಗಂಟೆ. ಎಂಟು ತಾಸು ಕಳದ್ರ
ಗಂಡು ಬರ್ತಾನ, ಒಂದ ರೆಕ್ಕಿ ಚಾಚಿ ಝುಂ ಅಂತಾನ.
ನಮಗ ಕೇಳಸೂದಿಲ್ಲ. ಆಕೀಗೆ ಕೇಳಸ್ತದ.

ಕೆಲವು ಏಳೂದಿಲ್ಲ, ರೆಕ್ಕಿ ಮ್ಯಾಲೆತ್ತಿ ಹೋಗಿರ್ತಾವ.
ಎಣ್ಣಿ ಶೀಶೆಗೆ ಸುರದು ಒಂದು ಗಳಿಗಿ ಸುಮ್ಮ ನಿಂದರ್ತೀನಿ.
ಯಾರರೆ ಬಂದ್ರ ಕುಂಚ ತೊಳದಂಗ ಮಾಡ್ತೀನಿ.

ಸಂಜಿಗೆ ಶಿವಾಜಿನಗರ ಸ್ಟೇಶನ್ ಮುಂದ
ಸಿದ್ರಾಮನ ಬಾಳಿಹಣ್ಣಿನ ಗಾಡಿ.
ಅಂವಗ ನೊಣ ಅಂದ್ರ ನೊಣ, ಒದ್ದಿ ಅರಿವಿ ಬೀಸ್ತಾನ.
‘ಇವು ಹೊಲಸಿನ ನೊಣಲ್ಲೋ, ಹುಳಿ ವಾಸನಿಗೆ ಬರ್ತಾವ,
ಹುದುಗಿದ್ದು ಬೇಕು ಇವಕ್ಕ’ ಅಂದ್ರ
‘ಹಂಗಾದ್ರ ಮೂಲಿ ದಾರೂ ಅಂಗಡಿಗೆ ಹೋಗ್ಲಿ’ ಅಂತಾನ.

ನಿನ್ನಿ, ಒಡದ ಒಂದು ತೊಟ್ಟಿನ ಮ್ಯಾಲ
ಮೂರು ಕೆಂಗಣ್ಣಿನವು, ಒಂದು ಬಿಳಿಗಣ್ಣಿಂದು.

ಬಿಳಿಗಣ್ಣಿನವು ನಮ್ಮಲ್ಲಿ ಕಿಡಕಿ ಕಡೆ ಕಪಾಟಿನ್ಯಾಗ,
ಬಾಟಲಿ ಮ್ಯಾಲ ನಂದ ಅಕ್ಷರ.
ಹೊರಗ ಬರೂಮುಂದ ಸೆರಗ ಝಾಡಸಬೇಕಂತ ನಿಯಮ.
ಝಾಡಸಿದ್ದೆನೋ ಇಲ್ಲೋ.

ಸಿದ್ರಾಮ ಅರಿವಿ ಎತ್ತಿದ.
‘ತಡಿ’ ಅಂದೆ.
‘ಯಾಕ, ನಿಂದೇನ ಇದು?’

ಹೌದನ್ನಬೇಕು ಅನ್ನೂದ್ರಾಗ
‘ಕೇಳಿ ಕಶೀ ದಿಲೀ?’ ಅಂತ ಒಬ್ಬಾಕಿ ಬಂದಳು.
ಅಂವ ಅದ ಹಣಿಗಿ ಎತ್ತಿ ಕೊಟ್ಟ.
ರೊಕ್ಕ ಎಣಿಸಿಕೊಂಡೆ. ಆಕಿ ಲೋಕಲ್ ಹಿಡಿಯಾಕಿ,
ಲಗುಲಗು ಮೆಟ್ಟಲಾ ಇಳದಳು.