ಎಡಗಡೆಯ ಬ್ರೇಕು

ನನ್ನ ಗಾಡಿಗೆ ಎರಡು ಬ್ರೇಕು.
ಒಂದು ಕಲಿಯೋರ ಕಾಲಿಗೆ, ಇನ್ನೊಂದು ನನಗ,
ಎಡಗಡೆ, ಮ್ಯಾಟಿನ ತೂತಿನಾಗಿಂದ ತಲಿ ಎತ್ತಿ ಕುಂತದ್ದು.
ಸಿಂಹಗಡ ರಸ್ತೆದಾಗ ಇಪ್ಪತ್ತೆರಡು ವರ್ಷ
ಕೆಂಪು 'ಎಲ್' ಹಚ್ಚಿಕೊಂಡು ತಿರುಗೀನಿ,
ಒಂದು ನಾಯಿಗೂ ಗೀರು ಬಿದ್ದಿಲ್ಲ.
ಇದು ನನ್ನ ಸೊಕ್ಕು, ಮೊದಲಿಗೇ ಹೇಳಿಬಿಡ್ತೀನಿ.

ಸೊಕ್ಕು ಕಾಲಿನಾಗ ಇರತದ ಅಂತ ಗೊತ್ತಿರಲಿಲ್ಲ.
ಸ್ವಾರಗೇಟಿನ ಬಸ್ಸಿನಾಗ ಕುಂತರೂ
ಎದುರಿಗೆ ಏನರ ಬಂದ್ರ
ನನ್ನ ಬಲಗಾಲು ತಗಡು ಒತ್ತತದ.
ರಾತ್ರಿ ಹಾಸಿಗ್ಯಾಗೂ ಒತ್ತತದ.
ಗುರುಬಾಯಿ ಅಂತಾಳ:
"ಈ ಮನಿ ಎಲ್ಲಿಗೂ ಹೊಂಟಿಲ್ಲ, ಕಾಲು ಬಿಡ್ರಿ."

ಕುಮುದಿನಿ ಫಡ್ಕೆ, ಅರವತ್ತೊಂದು.
ಗಂಡ ತೀರಿದ ಮ್ಯಾಲ ಗಂಡನ ಗಾಡಿ ಕಲೀಲಿಕ್ಕ ಬಂದಾಕಿ.
ಹನ್ನೊಂದನೇ ದಿನ ದಾಂಡೇಕರ್ ಪೂಲಿನ ಸಿಗ್ನಲ್ಲಿನಾಗ
ಕನ್ನಡಕ ತೆಗೆದು ಒರಸಿಕೋತ ಕೇಳಿದ್ಲು:
"ಗಾಡಿ ಕೋಣ ಚಾಲವತಯ್, ಮೀ ಕೀ ತುಮ್ಹೀ?"
ನಾನು ಕಿಡಕಿ ಹೊರಗ ನೋಡಿದೆ.
ಹಸಿರಾತು. ಹಿಂದಿನವರು ಹಾರ್ನ್ ಹೊಡದ್ರು.

ಅದೇ ವಾರ ಕಸ್ತೂರಿಗೆ ಏಳರಾಗ ನೋವು.
ನಾನು ಪಂಚಾಂಗ ನೋಡಿ, ದವಾಖಾನಿ ನೋಡಿ,
ಖೋಲಿ ಸೈತ ಹೇಳಿಟ್ಟಿದ್ದೆ:
ಶ್ರಾವಣದಾಗ, ಕಿಡಕಿ ಮಗ್ಗಲಿನ ಕಾಟು.
ಬಂದದ್ದು ಕಾರಹುಣ್ಣಿಮಿ ನಡುರಾತ್ರಿ,
ಸಸೂನಿನ ಜನರಲ್ ವಾರ್ಡಿಗೆ, ರಿಕ್ಷಾದಾಗ.
ಕೂಸು ಒಂದು ಕಿಲೊ ನೂರಾ ಎಂಬತ್ತು ಗ್ರಾಮು,
ಗಾಜಿನ ಪೆಟ್ಟಿಗ್ಯಾಗ,
ಆಗಷ್ಟ ಬಿಡಿಸಿದ ಹಸಿ ಸೇಂಗಾಕಾಳಿನ ಬಣ್ಣ.

ಹೊರಗ ಬಾಕಿನ ಮ್ಯಾಲ ಕುಂತೆ.
ಯಂತ್ರ ಕೀಂ ಅಂದ್ರ ಕಾಲು ಫರಸಿ ಒತ್ತತದ.
ನರ್ಸ್‌ಬಾಯಿ ಓಡಿದ್ರ ಒತ್ತತದ.
ಇಡೀ ದವಾಖಾನ್ಯಾಗ ನನ್ನ ಕಡೆ ಒಂದೂ ಪೆಡಲ್ ಇಲ್ಲ.
ಮೂವರಿಗೆ ಫೋನ್ ಮಾಡಿದೆ, ಆಮ್ಯಾಲ ಒಬ್ಬ ನಗರಸೇವಕಗ.
ವಾರ್ಡ್‌ಬಾಯ್ ಕಿಸೆದಾಗ ನೂರು ರೂಪಾಯಿ ತುರುಕಿದೆ.
ಅಂವ ಹೊಳ್ಳಿ ಕೊಟ್ಟ:
"ಕಾಕಾ, ಆ ಪೆಟ್ಟಿಗಿ ರೊಕ್ಕ ತಿನ್ನೂದಿಲ್ಲ."

ನಸಿಕಿನಾಗ ನಳದ ಕೆಳಗ ಕೈಕಾಲು ತೊಳಕೊಂಡು
ಎದಿ ಮ್ಯಾಲಿನ ಕರಡಿಗಿ ಬಿಚ್ಚಿ
ಎಡಗೈಯಾಗ ಲಿಂಗ ಇಟ್ಟುಕೊಂಡೆ.
ನಲವತ್ತು ವರ್ಷದಿಂದ ಇಡತೀನಿ, ಅವತ್ತ ಕಂಡೀತು:
ಅಂಗೈ ಮ್ಯಾಲ ಮಾಡಿ ಬಿಚ್ಚಿರಬೇಕು.
ಮುಷ್ಟಿ ಕಟ್ಟಿದ್ರ ಪೂಜಿ ಇಲ್ಲ.
ಹಿಂಗ ಬಿಚ್ಚಿದ ಕೈಲೆ ಗೇರ್ ಹಾಕಲಿಕ್ಕ ಬರೂದಿಲ್ಲ.

ಆದ್ರೂ ಕೇಳಿದೆ. ಕೇಳದ ಬಿಡಲಿಲ್ಲ.
ನಿನ್ನ ಕಡೆನೂ ಒಂದು ಬ್ರೇಕ್ ಅದ ಅಂತಾರಲ್ಲೋ ಶಿವನ,
ನವಲೆ ಪೂಲಿನ ಇಳಕಲಿನಾಗ ಟ್ಯಾಂಕರ್ ಬಂದಾಗ
ನಮ್ಮ ಅಣ್ಣ ಈರಪ್ಪನ ಸಲುವಾಗಿ ಯಾಕ ಒತ್ತಲಿಲ್ಲ?
ಲಿಂಗ ತಣ್ಣಗಿತ್ತು,
ಆಮ್ಯಾಲ ಅಂಗೈಯಷ್ಟ ಬೆಚ್ಚಗಾತು.
ಅಷ್ಟ. ಅದನ್ನ ಉತ್ತರ ಅನ್ನೂದಿಲ್ಲ ನಾನು.

ಬಾಕಿಗೆ ಹೊಳ್ಳಿ ಬಂದು, ಚಪ್ಪಲಿ ಬಿಟ್ಟು
ಕಾಲು ಮಡಚಿ ಕುಂತೆ,
ದಾಸೋಹದ ಪಂಕ್ತ್ಯಾಗ ಕುಂತವರಂಗ,
ಬಡಿಸೋರು ಎಲ್ಲಿಗೆ ಬಂದಾರ ಅಂತ ಹಣಕಿ ನೋಡದ.
ನಿದ್ದಿ ಹತ್ತಿತು. ನಾಚಿಕಿ ಆಗೂವಂಥ ನಿದ್ದಿ.

ಇವತ್ತಿಗೆ ಹದಿನೇಳು ದಿನ.
ನಲವತ್ತು ಗ್ರಾಮ್ ಏರಿ ಹದಿನೈದು ಇಳದದ.
ಗುರುಬಾಯಿ ವಹಿದಾಗ ಬರಕೋತಾಳ.
ನಾನು ಕೇಳೂದು ಬಿಟ್ಟೀನಿ,
ಅಂದ್ರ, ದಿನಕ್ಕ ಎರಡೇ ಸಲ ಕೇಳತೀನಿ.

ಮುಂಜಾನೆ ಕಾತ್ರಜ್ ಘಾಟಿಗೆ ಹೋಗಿದ್ವಿ.
ಮಳಿ ಹಿಡಿದಿತ್ತು. ತಿರುವಿನಾಗ ಲಾರಿ.
ಕುಮುದಿನಿಬಾಯಿ ಸ್ಟೇರಿಂಗಿಗೆ ಎದಿ ತಾಗೂವಂಗ ಬಗ್ಗಿದ್ಲು.
ನನ್ನ ಕಾಲು ಎದ್ದದ್ದು ಖರೆ.
ಎದ್ದು, ಪೆಡಲ್ಲಿನ ಮ್ಯಾಲ
ಒಂದು ಬೆರಳು ಗಾಳಿ ಬಿಟ್ಟು ನಿಂತಿತು.
ಆಕಿ ತಾನ ಒತ್ತಿದ್ಲು. ಸ್ವಲ್ಪ ತಡ, ಸ್ವಲ್ಪ ಜೋರು.
ಗಾಡಿ ಜಗ್ಗಿ ನಿಂತು ಬಂದಾತು. ಲಾರಿ ಹೋತು.
ವೈಪರ್ ಆ ಕಡೆ, ಈ ಕಡೆ.

"ಹೊಡೀಲೇನು?" ಅಂದ್ಲು.
"ನನ್ನ ಯಾಕ ಕೇಳತೀರಿ" ಅಂದೆ.
ಕಾಲು ಇನ್ನೂ ಗಾಳ್ಯಾಗ ಇತ್ತು.